ಹಂಪ್ ದಾಟಿದರೆ ಸೊಂಟಕ್ಕೇ ಏಟು: ಬೈಕಿನ ಸಸ್ಪೆನ್ಷನ್ ದೋಷವನ್ನು ಲಕ್ಷಣದಿಂದ ಹಿಡಿಯುವುದು

ನನ್ನ ತೂಕ 86 ಕಿಲೋ, ಭಾವನದು 57. ಇಬ್ಬರದೂ ಒಂದೇ ಮಾದರಿಯ 150 ಸಿಸಿ ಬೈಕು, ಒಂದೇ ವಾರದಲ್ಲಿ ಕೊಂಡದ್ದು. ಮೂರು ತಿಂಗಳಾಗುವಷ್ಟರಲ್ಲಿ ನಾನು ‘ಹಿಂದಿನ ಶಾಕ್ ತೀರಾ ಮೆತ್ತಗೆ’ ಎಂದು ಗೊಣಗುತ್ತಿದ್ದೆ, ಅವರು ‘ಹಲಗೆಯ ಮೇಲೆ ಕೂತ ಹಾಗಿದೆ’ ಎಂದು ಗೊಣಗುತ್ತಿದ್ದರು. ಎರಡು ಬೈಕುಗಳಲ್ಲೂ ಕೆಟ್ಟದ್ದೇನೂ ಇರಲಿಲ್ಲ. ಯಾರೂ ಅವನ್ನು ನಮ್ಮ ನಮ್ಮ ತೂಕಕ್ಕೆ ಹೊಂದಿಸಿರಲಿಲ್ಲ, ಅಷ್ಟೇ.

ಗ್ಯಾರೇಜಿಗೆ ಹೋಗಿ ‘ಶಾಕ್ ಟೈಟ್ ಮಾಡಿ’ ಎಂದರೆ ಹಿಂದಿನ ಶಾಕ್ ಅಬ್ಸಾರ್ಬರಿನ ಉಂಗುರವನ್ನು ಒಂದೆರಡು ಮೆಟ್ಟಿಲು ಏರಿಸಿ ಕಳಿಸುತ್ತಾರೆ. ಅದನ್ನೇ ಪ್ರೀಲೋಡ್ ಎನ್ನುವುದು. ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಊರೆಲ್ಲ ಹಬ್ಬಿದೆ, ಆದರೆ ಅದು ಸರಿಯಲ್ಲ. ಸ್ಪ್ರಿಂಗ್ ಇದ್ದಷ್ಟೇ ಗಟ್ಟಿಯಾಗಿ ಇರುತ್ತದೆ. ನೀವು ಕೂತಾಗ ಬೈಕು ಎಷ್ಟು ಕುಸಿದು ನಿಲ್ಲುತ್ತದೆ ಎಂಬುದು ಮಾತ್ರ ಬದಲಾಗುತ್ತದೆ. ಈ ಕುಸಿತಕ್ಕೆ ಸ್ಯಾಗ್ ಎಂದು ಹೆಸರು. ಇನ್ನು ಶಾಕಿನ ಒಳಗಿರುವ ಎಣ್ಣೆಯ ಕೆಲಸವೇ ಬೇರೆ: ಸ್ಪ್ರಿಂಗ್ ಭಾರ ಹೊತ್ತರೆ, ಎಣ್ಣೆ ಅದರ ಕುಣಿತವನ್ನು ಹಿಡಿದು ನಿಲ್ಲಿಸುತ್ತದೆ. ಇದು ಡ್ಯಾಂಪಿಂಗ್. ಸ್ಪ್ರಿಂಗ್ ಅದುಮುವಾಗ ಒಡ್ಡುವ ತಡೆ ಕಂಪ್ರೆಷನ್, ಹಿಗ್ಗುವಾಗ ಒಡ್ಡುವ ತಡೆ ರೀಬೌಂಡ್. ಮುಂದೆ ಓದುವಾಗ ಈ ಎರಡು ಕೆಲಸಗಳನ್ನು ಬೆರೆಸದಿದ್ದರೆ ಅರ್ಧ ದೋಷ ಆಗಲೇ ಸಿಕ್ಕ ಹಾಗೆ.

ಸ್ಪ್ಯಾನರ್ ಎತ್ತುವ ಮೊದಲು

ಟೈರಿನ ಗಾಳಿ ನೋಡಿ. ಬೆಳಿಗ್ಗೆ, ಬೈಕು ಓಡಿಸುವ ಮುಂಚೆ, ತಣ್ಣಗಿರುವ ಟೈರಿನಲ್ಲಿ. ಎಷ್ಟಿರಬೇಕು ಎಂಬುದು ಕೈಪಿಡಿಯಲ್ಲಿ ಇರುತ್ತದೆ, ಹಲವು ಬೈಕುಗಳಲ್ಲಿ ಚೈನ್ ಕವರಿನ ಸ್ಟಿಕ್ಕರಿನಲ್ಲೂ ಇರುತ್ತದೆ. ಒಬ್ಬರಿಗೆ ಒಂದು ಅಂಕಿ, ಇಬ್ಬರಿಗೆ ಇನ್ನೊಂದು. ಪಂಕ್ಚರ್ ಅಂಗಡಿಯಲ್ಲಿ ಕೇಳದೆಯೇ 40 ಪಿಎಸ್‌ಐ ತುಂಬಿಸಿ ಕಳಿಸುವುದುಂಟು. ಅಂಥ ಟೈರು ಪ್ರತಿ ಬೆಣಚುಕಲ್ಲನ್ನೂ ಬೆನ್ನಿಗೆ ವರದಿ ಮಾಡುತ್ತದೆ, ಬೈಗುಳ ಮಾತ್ರ ಶಾಕ್‌ಗೆ. ಗಾಳಿ ಕಡಿಮೆಯಾದರೆ ಬೈಕು ತಿರುವಿನಲ್ಲಿ ತೇಲುತ್ತದೆ, ಆಗಲೂ ಬೈಗುಳ ಶಾಕ್‌ಗೇ.

ಆಮೇಲೆ ಹಿಂದಿನ ಎರಡೂ ಶಾಕ್‌ಗಳ ಉಂಗುರ ಒಂದೇ ಮೆಟ್ಟಿಲಿನಲ್ಲಿದೆಯೇ ಎಂದು ಬಗ್ಗಿ ನೋಡಿ. ಒಂದು ಕಡೆ ಎರಡನೆಯದು, ಇನ್ನೊಂದು ಕಡೆ ನಾಲ್ಕನೆಯದು ಆಗಿರುವ ಬೈಕುಗಳನ್ನು ನಾನು ಒಂದಲ್ಲ, ಹಲವು ಕಂಡಿದ್ದೇನೆ. ಶಾಕಿನ ಮೇಲಿನ, ಕೆಳಗಿನ ಬೋಲ್ಟ್‌ಗಳು ಬಿಗಿಯಾಗಿವೆಯೇ, ರಬ್ಬರ್ ಬುಶ್ ಹರಿದಿದೆಯೇ ನೋಡಿ. ಈಗಿರುವ ಸೆಟ್ಟಿಂಗನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ದಾರಿ ತಪ್ಪಿದರೆ ಮರಳಿ ಬರಲು ಮನೆ ಗೊತ್ತಿರಬೇಕು. ಇಷ್ಟಕ್ಕೆ ಕಾಸು ಖರ್ಚಿಲ್ಲ.

ಲಕ್ಷಣ: ಸಣ್ಣ ಗುಂಡಿಗೂ ಸೊಂಟಕ್ಕೆ ಏಟು

ಏಟಿನಲ್ಲಿ ಎರಡು ಬಗೆ. ಸಣ್ಣ ಕಲ್ಲು, ಟಾರು ಕಿತ್ತ ಜಾಗ, ಸೇತುವೆಯ ಜೋಡಣೆ, ಎಲ್ಲದಕ್ಕೂ ಚುರುಕಾಗಿ, ಒಣಗಿದ ಏಟು ಬೀಳುತ್ತಿದ್ದರೆ ಒಂದು ಕಾರಣ. ಸಣ್ಣವನ್ನೆಲ್ಲ ನುಂಗಿ, ದೊಡ್ಡ ಗುಂಡಿಗೆ ಮಾತ್ರ ‘ಧಡ್’ ಎಂದು ಬಡಿದರೆ ಇನ್ನೊಂದು. ಎರಡನೆಯದು ಶಾಕ್ ಪೂರ್ತಿ ಕುಗ್ಗಿ ತಳ ಬಡಿಯುವುದು, ಅದರ ವಿಚಾರ ಮುಂದಿನ ಭಾಗದಲ್ಲಿ.

ಮೊದಲ ಬಗೆಯದು ಹೆಚ್ಚಾಗಿ ಹಗುರ ಸವಾರರ ದೂರು. ಪ್ರೀಲೋಡ್ ಏರಿಸಿಟ್ಟ ಸ್ಪ್ರಿಂಗ್ ಮೊದಲೇ ಅದುಮಿಕೊಂಡು ಕೂತಿರುತ್ತದೆ. ಹಗುರ ಸವಾರ ಕೂತರೆ ಅದು ಜಗ್ಗುವುದೇ ಇಲ್ಲ ಎನ್ನುವಷ್ಟು ಕಡಿಮೆ ಜಗ್ಗುತ್ತದೆ. ಚಕ್ರ ಗುಂಡಿಗೆ ಇಳಿಯಬೇಕೆಂದರೆ ಶಾಕ್ ಹಿಗ್ಗಬೇಕು, ಆದರೆ ಹಿಗ್ಗಲು ಜಾಗವೇ ಉಳಿದಿರುವುದಿಲ್ಲ. ಹಾಗಾಗಿ ಬೈಕೇ ಗುಂಡಿಯೊಳಗೆ ಬೀಳುತ್ತದೆ. ಪರಿಹಾರ ಉಂಗುರವನ್ನು ಒಂದು ಮೆಟ್ಟಿಲು ಇಳಿಸುವುದು. ಸ್ಪ್ಲೆಂಡರ್‌ನಂಥ ಬೈಕಿನಲ್ಲಿ ಐದು ಮೆಟ್ಟಿಲು, ಈಚಿನ ಕ್ಲಾಸಿಕ್ 350ರಲ್ಲಿ ಆರು. ಟೂಲ್ ಕಿಟ್ಟಿನಲ್ಲಿ ಕೊಕ್ಕೆಯಂತೆ ಬಾಗಿರುವ ಸ್ಪ್ಯಾನರ್ ಇರುವುದು ಇದಕ್ಕೇ. ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರ ಗಾಳಿಯಲ್ಲಿರುವಾಗ ತಿರುಗಿಸಿ. ಉಂಗುರಕ್ಕೆ ಕೆಸರು ಮೆತ್ತಿದ್ದರೆ ಮೊದಲು ಬ್ರಶ್ಶಿನಿಂದ ಕೆರೆದು ತೆಗೆಯಿರಿ. ಸ್ಪ್ಯಾನರ್ ಜಾರಿದರೆ ಬೆರಳ ಗಿಣ್ಣು ನೇರ ಸೈಲೆನ್ಸರಿಗೆ ಬಡಿಯುತ್ತದೆ. ನನ್ನ ಬಲಗೈಯಲ್ಲಿ ಅದರ ಗುರುತಿದೆ. ಸುತ್ತಿಗೆ, ಉಳಿ ಹಿಡಿದು ಉಂಗುರಕ್ಕೆ ಹೊಡೆಯುವವರ ಕೈಗೆ ಬೈಕು ಕೊಡಬೇಡಿ.

ಕನಿಷ್ಠ ಮೆಟ್ಟಿಲಿಗೆ ಇಳಿಸಿದ ಮೇಲೂ ಏಟು ಹಾಗೆಯೇ ಇದ್ದರೆ ಶಾಕಿನ ರಾಡು ಬಾಗಿ ಕಚ್ಚುತ್ತಿರಬಹುದು. ಒಮ್ಮೆ ಬಿದ್ದೆದ್ದ ಬೈಕಾದರೆ ಆ ಅನುಮಾನ ಮೊದಲು ಬರಲಿ. ಮುಂದಿನ ಚಕ್ರದಲ್ಲೇ ಬಿಗಿತವಿದ್ದು, ಅದು ಮುಂದಿನ ಪಂಕ್ಚರ್ ಹಾಕಿಸಿದ ಮೇಲೆ ಶುರುವಾದದ್ದಾದರೆ, ಆಕ್ಸೆಲ್ (ಚಕ್ರದ ಅಚ್ಚು) ಬಿಗಿಯುವಾಗ, ಚಕ್ರವನ್ನು ಎರಡು ಬದಿಯಲ್ಲಿ ಹಿಡಿದಿರುವ ಫೋರ್ಕುಗಳು ಒಂದಕ್ಕೊಂದು ಸಮಾನಾಂತರವಾಗಿ ಕೂತಿಲ್ಲ. ಆಕ್ಸೆಲ್ ನಟ್ಟನ್ನೂ ಅದನ್ನು ಹಿಡಿದಿರುವ ಚಿಕ್ಕ ಬೋಲ್ಟನ್ನೂ ಸಡಿಲಿಸಿ, ಬೈಕನ್ನು ನೆಲದ ಮೇಲೆ ನಿಲ್ಲಿಸಿ ಹ್ಯಾಂಡಲ್ ಅದುಮಿ ನಾಲ್ಕೈದು ಸಲ ಏರಿಳಿಸಿ, ಆಮೇಲೆ ಕೈಪಿಡಿ ಹೇಳಿದಷ್ಟು ಬಿಗಿ ಮಾಡಿ. ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರ್ ಇಲ್ಲದವರು ಇದನ್ನು ಗ್ಯಾರೇಜಿನಲ್ಲೇ ಮಾಡಿಸುವುದು ಲೇಸು.

ಲಕ್ಷಣ: ಹಿಂದೆ ಯಾರಾದರೂ ಕೂತರೆ ತಳ ಬಡಿಯುತ್ತದೆ

ಹೆಂಡತಿ, ನಡುವೆ ಮಗು, ಹ್ಯಾಂಡಲಿಗೆ ತೂಗಿದ ಚೀಲ. ಅಥವಾ ಹಿಂದಿನ ಸೀಟಿನಲ್ಲಿ 50 ಕಿಲೋ ಹಿಂಡಿಯ ಮೂಟೆ. ನಮ್ಮಲ್ಲಿ ಬೈಕು ಹೊರುವ ಭಾರ ಇದು. ಇಂಥ ಹೊತ್ತಿನಲ್ಲಿ ಪ್ರೀಲೋಡ್ ಏರಿಸುವುದು ಸರಿಯಾದ ಕ್ರಮ, ಭಾರ ಇಳಿದ ಮೇಲೆ ಮರಳಿ ಇಳಿಸುವುದೂ ಅಷ್ಟೇ ಮುಖ್ಯ. ಅದನ್ನು ಮಾತ್ರ ಯಾರೂ ಮಾಡುವುದಿಲ್ಲ. ಕೈಪಿಡಿಯಲ್ಲಿ ಬರೆದಿರುವ ಗರಿಷ್ಠ ಭಾರವನ್ನು ಮೀರಿದರೆ ಯಾವ ಮೆಟ್ಟಿಲೂ ಕಾಪಾಡುವುದಿಲ್ಲ, ಬ್ರೇಕು ಮತ್ತು ಟೈರೂ ಕಾಪಾಡುವುದಿಲ್ಲ.

ಒಬ್ಬರೇ ಇದ್ದಾಗಲೂ ಬಡಿಯುತ್ತಿದ್ದರೆ ಅಂದಾಜು ಬಿಟ್ಟು ಅಳೆಯಿರಿ. ಬೇಕಾದದ್ದು ಒಂದು ಟೇಪು, ಒಬ್ಬ ಸಹಾಯಕ. ನನಗೆ ಮಗಳು ಸಹಾಯಕ್ಕೆ ಬಂದಳು. ಅಳತೆಯನ್ನು ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು.

ಹಿಂದಿನ ಆಕ್ಸೆಲಿಗೆ ನೇರ ಮೇಲೆ, ಸೀಟಿನ ಪಕ್ಕದ ಭಾಗದಲ್ಲಿ, ಒಂದು ಚೂರು ಇನ್ಸುಲೇಷನ್ ಟೇಪ್ ಅಂಟಿಸಿದೆವು. ಡಬಲ್ ಸ್ಟ್ಯಾಂಡಿನಲ್ಲಿ, ಚಕ್ರ ಗಾಳಿಯಲ್ಲಿರುವಾಗ, ಆಕ್ಸೆಲಿನಿಂದ ಆ ಗುರುತಿಗೆ 582 ಮಿಲಿಮೀಟರ್. ಸ್ಟ್ಯಾಂಡಿನಿಂದ ಇಳಿಸಿ, ಯಾರೂ ಕೂರದೆ ನೆಟ್ಟಗೆ ಹಿಡಿದಾಗ 570. ಅಂದರೆ ಬೈಕು ತನ್ನ ಭಾರಕ್ಕೇ 12 ಮಿ.ಮೀ. ಕುಸಿದಿದೆ. ಹೆಲ್ಮೆಟ್, ಬೂಟು, ಆಫೀಸಿನ ಬ್ಯಾಗು ಸಮೇತ ನಾನು ಕೂತು, ಗೋಡೆಗೆ ಒಂದು ಕೈ ಊರಿ ಎರಡೂ ಕಾಲು ಫುಟ್‌ರೆಸ್ಟಿನ ಮೇಲಿಟ್ಟಾಗ 536. ಒಟ್ಟು ಕುಸಿತ 46. ಹಿಂದಿನ ಚಕ್ರದ ಪೂರ್ತಿ ಚಲನೆ 120 ಮಿ.ಮೀ. ಇರುವ ಬೈಕಿನಲ್ಲಿ ನಾನು ಕೂತಾಗಲೇ ಶೇ. 38 ಮುಗಿದುಹೋಗಿತ್ತು! ರಸ್ತೆಯ ಬೈಕಿಗೆ ಮೂರನೇ ಒಂದು ಭಾಗದ ಆಸುಪಾಸು ಸಾಕು. ಅಳೆಯುವಾಗ ಸೀಟನ್ನು ಒಮ್ಮೆ ಅದುಮಿ ಬಿಟ್ಟು ಓದಿ, ಇನ್ನೊಮ್ಮೆ ಎತ್ತಿ ಬಿಟ್ಟು ಓದಿ, ಎರಡರ ಸರಾಸರಿ ಹಿಡಿಯಿರಿ. ಎಣ್ಣೆ ಸೋರದಂತೆ ತಡೆಯುವ ಸೀಲುಗಳ ಬಿಗಿತದಿಂದ ಮೂರು ನಾಲ್ಕು ಮಿ.ಮೀ. ವ್ಯತ್ಯಾಸ ಬರುವುದು ಸಹಜ.

ಎರಡನೇ ಮೆಟ್ಟಿಲಿನಿಂದ ಮೂರಕ್ಕೆ ಏರಿಸಿದಾಗ ಕುಸಿತ 41ಕ್ಕೆ ಬಂತು, ನಾಲ್ಕಕ್ಕೆ ಏರಿಸಿದಾಗ 36ಕ್ಕೆ. 36 ನೋಡಿ ನನಗೆ ಖುಷಿಯಾಯಿತು. ಮಗಳು ಖಾಲಿ ಬೈಕನ್ನು ಮತ್ತೆ ಅಳೆದಳು: ಅದು 12ರಿಂದ 2ಕ್ಕೆ ಇಳಿದಿತ್ತು. ಇಲ್ಲಿದೆ ಹೆಚ್ಚಿನವರು ತಪ್ಪಿಸಿಕೊಳ್ಳುವ ಸೂಚನೆ. ಸವಾರ ಕೂತಾಗಿನ ಕುಸಿತ ಸರಿ ಇದ್ದು, ಖಾಲಿ ಬೈಕು ಕುಸಿಯುವುದೇ ಇಲ್ಲವೆಂದರೆ ಸ್ಪ್ರಿಂಗ್ ಆ ಸವಾರನಿಗೆ ಮೆದು. ಅದನ್ನು ಪ್ರೀಲೋಡಿನಿಂದ ಬಲವಂತವಾಗಿ ಎತ್ತಿ ನಿಲ್ಲಿಸಿದ್ದೀರಿ ಎಂದು ಅರ್ಥ. ಖಾಲಿ ಬೈಕೇ ತೀರಾ ಕುಸಿಯುತ್ತಿದ್ದು ಸವಾರ ಕೂತಾಗ ಅಳತೆ ಸರಿ ಬಂದರೆ ಸ್ಪ್ರಿಂಗ್ ಅವನಿಗೆ ಗಟ್ಟಿ. ಎರಡೂ ಸಂದರ್ಭಗಳಲ್ಲಿ ಬೇಕಾದದ್ದು ಬೇರೆ ಸ್ಪ್ರಿಂಗ್. ನಾನು ಮೂರನೇ ಮೆಟ್ಟಿಲಿಗೆ ಒಪ್ಪಿಕೊಂಡೆ. ಶೇ. 34, ಖಾಲಿ ಬೈಕಿಗೆ 7 ಮಿ.ಮೀ. ಭಾವನ ಬೈಕನ್ನು ಯಾರೋ ನಾಲ್ಕನೇ ಮೆಟ್ಟಿಲಿಗೆ ಏರಿಸಿಟ್ಟಿದ್ದರು, ಎರಡಕ್ಕೆ ಇಳಿಸಿದ ದಿನದಿಂದ ಹಲಗೆಯ ಮಾತು ನಿಂತಿದೆ.

ಇದು ಎಲ್ಲ ಬೈಕಿಗೂ ಒಂದೇ ಅಂಕಿಯಲ್ಲ. ಹಿಮಾಲಯನ್ 411ರಲ್ಲಿ ಮುಂದೆ 200, ಹಿಂದೆ 180 ಮಿ.ಮೀ. ಚಲನೆ ಇದೆ. ಅಲ್ಲಿ 55 ಮಿ.ಮೀ. ಕುಸಿದರೂ ಅದು ಮಿತಿಯೊಳಗೇ. ಮಿಲಿಮೀಟರ್ ನೋಡಿ ಗಾಬರಿಯಾಗದೆ ಶೇಕಡಾವಾರು ನೋಡಿ.

ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ಉಂಗುರ ತೂರಿಸುವ ಉಪಾಯ ಪೇಟೆಯಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ. ಅದು ಒಂದೆರಡು ಸುರುಳಿಗಳನ್ನು ಕೆಲಸ ಮಾಡದಂತೆ ಕಟ್ಟಿಹಾಕುತ್ತದೆ, ಉಳಿದ ಸುರುಳಿಗಳ ಮೇಲೆ ಹೊರೆ ಬೀಳುತ್ತದೆ. ನಾನಂತೂ ಹಾಕುವುದಿಲ್ಲ.

ಲಕ್ಷಣ: ಹಂಪ್ ದಾಟಿದ ಮೇಲೂ ಬೈಕು ಕುಣಿಯುತ್ತಲೇ ಇರುತ್ತದೆ

ಇದು ಎಣ್ಣೆಯ ಕಡೆಯ ದೋಷ. ಉಂಗುರ ಎಷ್ಟು ತಿರುಗಿಸಿದರೂ ಹೋಗುವುದಿಲ್ಲ. ಬೈಕಿನ ಪಕ್ಕ ನಿಂತು ಸೀಟಿನ ಹಿಂಭಾಗವನ್ನು ಮೈಭಾರ ಹಾಕಿ ಅದುಮಿ, ಥಟ್ಟನೆ ಬಿಡಿ. ಆರೋಗ್ಯವಾಗಿರುವ ಶಾಕ್ ಒಮ್ಮೆ ಮೇಲೆದ್ದು ನಿಲ್ಲುತ್ತದೆ. ಎರಡು ಮೂರು ಸಲ ಏರಿಳಿದರೆ ಒಳಗಿನ ಎಣ್ಣೆ ಸೋರಿದೆ, ಇಲ್ಲವೇ ಸವೆದಿದೆ. ಮುಂದಿನ ಫೋರ್ಕನ್ನೂ ಮುಂದಿನ ಬ್ರೇಕು ಹಿಡಿದು ಹೀಗೆಯೇ ಅದುಮಿ ನೋಡಬಹುದು.

ಇದಕ್ಕೆ ತದ್ವಿರುದ್ಧವೂ ಇದೆ, ಗುರುತಿಸುವುದು ಕಷ್ಟ. ಒಂದು ಹಂಪ್ ಚೆನ್ನಾಗಿ ದಾಟುತ್ತದೆ. ಆದರೆ ಸಾಲಾಗಿ ಐದಾರು ಸಣ್ಣ ಪಟ್ಟಿ ಹಾಕಿರುವ ಕಡೆ ಮೊದಲನೆಯದು ಮೆತ್ತಗೆ, ನಾಲ್ಕನೆಯದು ಕಲ್ಲು. ರೀಬೌಂಡ್ ತಡೆ ಹೆಚ್ಚಾಗಿದೆ. ಶಾಕ್ ಹಿಗ್ಗುವ ಮೊದಲೇ ಮುಂದಿನ ಏಟು ಬೀಳುತ್ತದೆ, ಹೀಗೆ ಅದು ಕುಗ್ಗುತ್ತಾ ಕುಗ್ಗುತ್ತಾ ತಳಕ್ಕೆ ಹೋಗಿರುತ್ತದೆ. ಸಾಮಾನ್ಯ ಬೈಕುಗಳಲ್ಲಿ ಇದನ್ನು ಹೊಂದಿಸುವ ತಿರುಪೇ ಇರುವುದಿಲ್ಲ. ದುಬಾರಿ ಬೈಕಿನಲ್ಲಿ ತಿರುಪು ಇದ್ದರೆ ಅದನ್ನು ಮೆಲ್ಲಗೆ ಪೂರ್ತಿ ಬಿಗಿದು, ಎಷ್ಟು ಕ್ಲಿಕ್ಕಿಗೆ ನಿಂತಿತು ಎಂದು ಎಣಿಸಿ ಬರೆದಿಟ್ಟುಕೊಂಡು, ಮೂಲ ಜಾಗಕ್ಕೆ ತಂದು, ಅಲ್ಲಿಂದ ಎರಡೆರಡು ಕ್ಲಿಕ್ ಬದಲಿಸಿ. ಒಂದು ಸಲಕ್ಕೆ ಒಂದೇ ತಿರುಪು, ಅದೇ ಎರಡು ಕಿಲೋಮೀಟರ್ ರಸ್ತೆ, ಅದೇ ವೇಗ. ಸವಾರಿಯ ರೀತಿ ಲೆಕ್ಕಕ್ಕೆ ಬರುವುದೂ ಇಲ್ಲೇ. ತೋಟದ ಕಚ್ಚಾ ದಾರಿಯಲ್ಲಿ ನಿಧಾನವಾಗಿ ಓಡಾಡುವವರಿಗೆ ಕಂಪ್ರೆಷನ್, ರೀಬೌಂಡ್ ಎರಡೂ ತುಸು ಸಡಿಲವಿದ್ದರೆ ಟೈರು ನೆಲ ಬಿಡುವುದಿಲ್ಲ. ನುಣುಪಾದ ಹೆದ್ದಾರಿಯಲ್ಲಿ ವೇಗವಾಗಿ ಹೋಗುವವರಿಗೆ ಅದೇ ಸೆಟ್ಟಿಂಗ್ ತೊಟ್ಟಿಲಿನಂತೆ ತೂಗುತ್ತದೆ.

ಗ್ಯಾಸ್ ತುಂಬಿದ ಶಾಕನ್ನು ಮನೆಯಲ್ಲಿ ಬಿಚ್ಚಲೇಬಾರದು. ಒಳಗೆ ಒತ್ತಡದಲ್ಲಿ ನೈಟ್ರೋಜನ್ ಇರುತ್ತದೆ. ಸ್ಪ್ರಿಂಗನ್ನು ಶಾಕಿನಿಂದ ಬೇರ್ಪಡಿಸಲೂ ಅದಕ್ಕೆಂದೇ ಇರುವ ಅದುಮುವ ಸಾಧನ ಬೇಕು. ಹಗ್ಗ, ತಂತಿ ಕಟ್ಟಿ ಸಾಹಸ ಮಾಡಿದರೆ ಸ್ಪ್ರಿಂಗ್ ಎಗರಿ ಮುಖಕ್ಕೆ ಬೀಳುತ್ತದೆ.

ಲಕ್ಷಣ: ಬ್ರೇಕ್ ಹಿಡಿದರೆ ಮೂತಿ ನೆಲಕ್ಕೆ

ಸ್ವಲ್ಪ ಬಾಗುವುದು ದೋಷವಲ್ಲ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬರಲೇಬೇಕು, ಅದರಿಂದಲೇ ಮುಂದಿನ ಟೈರಿಗೆ ಹಿಡಿತ. ಎಷ್ಟು ಬಾಗುತ್ತದೆ ಎಂದು ತಿಳಿಯಲು ಫೋರ್ಕಿನ ಹೊಳೆಯುವ ಕೊಳವೆಗೆ ತೆಳ್ಳನೆಯ ಪ್ಲಾಸ್ಟಿಕ್ ಟ್ಯಾಗ್ ಒಂದನ್ನು ಜಾರುವಷ್ಟು ಸಡಿಲವಾಗಿ ಕಟ್ಟಿ, ಸೀಲಿನ ತನಕ ತಳ್ಳಿ, ಮಾಮೂಲಿ ದಾರಿಯಲ್ಲಿ ಓಡಿಸಿ ಬನ್ನಿ. ಫೋರ್ಕು ಎಲ್ಲಿಯ ತನಕ ಕುಗ್ಗಿತ್ತೋ ಅಲ್ಲಿ ಟ್ಯಾಗ್ ನಿಂತಿರುತ್ತದೆ. ದಿನನಿತ್ಯದ ಓಡಾಟದಲ್ಲೇ ಚಲನೆಯೆಲ್ಲ ಮುಗಿಯುತ್ತಿದ್ದರೆ ಮಾತ್ರ ಚಿಂತಿಸಿ.

ಕಾರಣ ಹೆಚ್ಚಾಗಿ ಹಳೆಯ ಎಣ್ಣೆ. ಎಂಜಿನ್ ಆಯಿಲ್ ತಪ್ಪದೆ ಬದಲಿಸುವವರೂ ಫೋರ್ಕಿನೊಳಗೆ ಎಣ್ಣೆ ಇದೆ ಎಂಬುದನ್ನೇ ಮರೆತಿರುತ್ತಾರೆ. ಹೊರಬಂದದ್ದನ್ನು ಒಮ್ಮೆ ಬಟ್ಟಲಿನಲ್ಲಿ ಹಿಡಿದು ನೋಡಿ: ಬೂದು ಬಣ್ಣ, ಕೊಳೆತ ಮೀನಿನ ವಾಸನೆ. ಬದಲಿಸುವಾಗ ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನು, ಫೋರ್ಕಿನ ಎರಡೂ ಕಾಲುಗಳಿಗೆ ಮಿಲಿಲೀಟರ್ ಲೆಕ್ಕದಲ್ಲಿ ಸಮನಾಗಿ ಹಾಕಿಸಿ. ‘ಸ್ವಲ್ಪ ಜಾಸ್ತಿ ಹಾಕಿದ್ದೇನೆ ಸಾರ್, ಗಟ್ಟಿ ಬರುತ್ತದೆ’ ಎಂಬ ಉಪಕಾರ ಬೇಡ. ಎಣ್ಣೆ ಹೆಚ್ಚಾದಷ್ಟೂ ಮೇಲಿನ ಗಾಳಿಯ ಜಾಗ ಕಿರಿದಾಗುತ್ತದೆ. ಜೋರು ಏಟಿಗೆ ಒತ್ತಡ ಏರಿ ಸೀಲು ಕಿತ್ತುಬರುತ್ತದೆ.

ಲಕ್ಷಣ: ಘಾಟಿಯ ತಿರುವಿನಲ್ಲಿ ಬೈಕು ಹೊರಕ್ಕೆ ಎಳೆಯುತ್ತದೆ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದವರಿಗೆ ಈ ಅನುಭವ ಚೆನ್ನಾಗಿ ಗೊತ್ತು. ಹಿಂದೆ ಸಾಮಾನು ಕಟ್ಟಿದ್ದೀರಿ, ಹಿಂಭಾಗ ಕುಸಿದಿದೆ, ಮುಂಭಾಗ ಆಕಾಶ ನೋಡುತ್ತಿದೆ. ಆಗ ಫೋರ್ಕಿನ ಓರೆ ಹೆಚ್ಚಾಗಿ ಹ್ಯಾಂಡಲ್ ತಿರುಗಲು ಸೋಮಾರಿಯಾಗುತ್ತದೆ, ಬೈಕು ತಿರುವಿನ ಹೊರಗಿನ ಅಂಚಿಗೆ ಸರಿಯುತ್ತದೆ. ಹಿಂದಿನ ಪ್ರೀಲೋಡ್ ಏರಿಸಿದರೆ ಇದು ಬಹುಪಾಲು ಸರಿಹೋಗುತ್ತದೆ. ಉಲ್ಟಾ ಆದರೆ, ಅಂದರೆ ಹಿಂಭಾಗ ಬೇಕಾದ್ದಕ್ಕಿಂತ ಎತ್ತರವಾದರೆ, ಹ್ಯಾಂಡಲ್ ತೀರಾ ಚುರುಕಾಗಿ ನೇರ ರಸ್ತೆಯಲ್ಲೂ ನೆಮ್ಮದಿ ಇರುವುದಿಲ್ಲ.

ಘಾಟಿಯ ಮೊದಲರ್ಧ ಚೆನ್ನಾಗಿದ್ದು ಆಮೇಲೆ ತೇಲಾಟ ಶುರುವಾದರೆ ಶಾಕ್ ಬಿಸಿಯಾಗಿ ಎಣ್ಣೆ ತೆಳುವಾಗಿದೆ. ನಿಂತು, ಚಹಾ ಕುಡಿದು, ಮಂಗಗಳಿಂದ ಬ್ಯಾಗು ಕಾಪಾಡಿಕೊಂಡು, ಆರಿದ ಮೇಲೆ ಹೊರಡಿ. ಪದೇ ಪದೇ ಹೀಗಾದರೆ ಶಾಕ್ ಬದಲಿಸುವ ಕಾಲ ಬಂದಿದೆ.

ಲಕ್ಷಣ: ಹ್ಯಾಂಡಲ್ ನಡುಗುತ್ತದೆ, ಹಿಂಭಾಗ ಪಕ್ಕಕ್ಕೆ ಆಡುತ್ತದೆ

ಇಲ್ಲಿ ಸೆಟ್ಟಿಂಗ್ ಮುಟ್ಟಬೇಡಿ. ವೇಗ ಏರಿಸಿ ‘ಇನ್ನೊಮ್ಮೆ ಬರುತ್ತದಾ ನೋಡೋಣ’ ಎನ್ನುವುದಂತೂ ಬೇಡವೇ ಬೇಡ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನಿಂದ ಒಬ್ಬರು ಅದುಮಿ ಮುಂದಿನ ಚಕ್ರ ಎತ್ತಲಿ. ನೀವು ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ಎಳೆಯಿರಿ. ‘ಟಕ್’ ಎಂದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್, ಸಡಿಲ. ಹ್ಯಾಂಡಲನ್ನು ಮೆಲ್ಲಗೆ ಆಚೀಚೆ ತಿರುಗಿಸಿದಾಗ ನಡುವೆ ಒಂದು ಕಡೆ ಕಚ್ಚಿ ನಿಂತರೆ ಕೋನ್ ಸೆಟ್ ಗುಳಿಬಿದ್ದಿದೆ, ಬಿಗಿ ಮಾಡಿ ಪ್ರಯೋಜನವಿಲ್ಲ, ಬದಲಿಸಬೇಕು. ಹಿಂದಿನ ಚಕ್ರವನ್ನು ಎಡಬಲ ಅಲ್ಲಾಡಿಸಿ. ಆಟ ಇದ್ದರೆ ಚಕ್ರದ ಬೇರಿಂಗ್ ಅಥವಾ ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿನ (ಸ್ವಿಂಗ್ ಆರ್ಮ್) ಬುಶ್ ಸವೆದಿದೆ. ಕಡ್ಡಿ ಚಕ್ರವಾದರೆ ಒಂದೊಂದೇ ಕಡ್ಡಿಯನ್ನು ಸ್ಪ್ಯಾನರಿನಿಂದ ತಟ್ಟಿ, ಸಡಿಲವಾದದ್ದು ಬೇರೆಯೇ ದನಿ ಕೊಡುತ್ತದೆ. ಇವುಗಳಲ್ಲಿ ಯಾವುದು ಸಿಕ್ಕರೂ ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ, ಒಬ್ಬರೇ.

ಲಕ್ಷಣ: ಫೋರ್ಕಿನಲ್ಲಿ ಎಣ್ಣೆಯ ಉಂಗುರ

ಮಳೆಗಾಲ ಮುಗಿದ ಮೇಲೆ ಇದು ಸಾಮಾನ್ಯ. ಕೆಮ್ಮಣ್ಣು ಕೊಳವೆಗೆ ಅಂಟಿ ಒಣಗಿ, ಸೀಲಿನ ತುಟಿಯೊಳಗೆ ಹೊಕ್ಕಿರುತ್ತದೆ. ಜೋರು ನೀರಿನ ಪೈಪಿನಿಂದ ಫೋರ್ಕಿನ ಮೇಲೆಯೇ ಹೊಡೆಸುವ ವಾಟರ್ ಸರ್ವಿಸ್ ಅದನ್ನು ಇನ್ನೂ ಒಳಕ್ಕೆ ದಬ್ಬುತ್ತದೆ. ಮೇಲಿನ ಧೂಳಿನ ಸೀಲನ್ನು ಹುಷಾರಾಗಿ ಎಬ್ಬಿಸಿ, ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ಅಂಚನ್ನು ಒಳಸೀಲಿನ ಸುತ್ತ ಒಂದು ಸುತ್ತು ಹಾಯಿಸಿ ಒರೆಸಿದರೆ ಕೆಲವು ಸಲ ಸೋರಿಕೆ ನಿಂತೇ ಹೋಗುತ್ತದೆ. ಚಾಕು, ಸ್ಕ್ರೂಡ್ರೈವರ್ ಬಳಸಬೇಡಿ. ಕೊಳವೆಯನ್ನು ಉಗುರಿನಿಂದ ಸವರಿ ನೋಡಿ: ಗೀರು, ತುಕ್ಕಿನ ಗುಳಿ ತಾಕಿದರೆ ಎಷ್ಟು ಹೊಸ ಸೀಲು ಹಾಕಿದರೂ ಅದನ್ನು ಆ ಗೀರು ಕತ್ತರಿಸುತ್ತದೆ.

ಎಣ್ಣೆ ಕೆಳಗಿಳಿದು ಬ್ರೇಕ್ ಡಿಸ್ಕ್ ಅಥವಾ ಪ್ಯಾಡಿಗೆ ತಾಕಿದ್ದರೆ ಅಲ್ಲಿಗೆ ಸವಾರಿ ನಿಲ್ಲಿಸಿ. ಎಣ್ಣೆ ಕುಡಿದ ಪ್ಯಾಡನ್ನು ಬದಲಿಸಬೇಕು, ಒರೆಸಿದರೆ ಸಾಲದು.

ಹೊಂದಿಸಿದ ಮೇಲೆ

ಹಿಂಭಾಗ ಏರಿದರೆ ಅಥವಾ ಇಳಿದರೆ ಚೈನಿನ ಸಡಿಲ ಬದಲಾಗುತ್ತದೆ, ಕೈಪಿಡಿಯ ಅಳತೆಗೆ ತಾಳೆ ನೋಡಿ. ಸೈಡ್ ಸ್ಟ್ಯಾಂಡಿನಲ್ಲಿ ಬೈಕು ಮೊದಲಿಗಿಂತ ನೆಟ್ಟಗೆ ಅಥವಾ ಹೆಚ್ಚು ಓರೆಯಾಗಿ ನಿಲ್ಲಬಹುದು. ಹೆಡ್‌ಲೈಟಿನ ಬೆಳಕೂ ಸರಿಯುತ್ತದೆ. ಮೂರನೇ ಮೆಟ್ಟಿಲಿಗೆ ಏರಿಸಿದ ರಾತ್ರಿ ನನ್ನ ಬೆಳಕು ರಸ್ತೆಯಲ್ಲಿ ಮೊದಲಿಗಿಂತ ಹತ್ತಿರಕ್ಕೇ ಬೀಳುತ್ತಿತ್ತು. ಮರುದಿನ ಸಂಜೆ ಮನೆಯ ಕಾಂಪೌಂಡ್ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಕೂತೇ ಬೆಳಕು ಹೊಂದಿಸಿಕೊಂಡೆ. ಗೆರೆ ಎಳೆದದ್ದೂ ಮಗಳೇ.